ಗುಮ್ಮಟದ ಗಿರಿಜಕ್ಕ ಮತ್ತು ಹೊಸ್ತಿನ ಊಟ

ವಡೋದರದ ಗೋರ್ವಾಕ್ಕೆ ಹೋಗಿ ಗಿರಿಜಾ ಅವರ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಹೇಳಲಿಕ್ಕಿಲ್ಲ. ‘ಘುಮ್ಮಟ್‌ವಾಳಾ ಬೆನ್’ ಎಂದರೆ ಮಾತ್ರ ರಿಕ್ಷಾದವನು ನೇರ ಬಾಗಿಲಿಗೇ ತಂದು ಬಿಡುತ್ತಾನೆ. ಗುಮ್ಮಟದ ಅಕ್ಕ ಎಂದು ಅದರ ಅರ್ಥ. ಗುಮ್ಮಟ ಕಲ್ಲಿನದಲ್ಲ, ಬಟ್ಟೆಯದು. ಮಡಚಿದರೆ ಹಾಸಿಗೆಯ ಸುರುಳಿಯಂತೆ ವ್ಯಾನಿನ ಹಿಂದೆ ಬಿದ್ದಿರುತ್ತದೆ. ಫ್ಯಾನು ಹಚ್ಚಿ ಗಾಳಿ ತುಂಬಿದರೆ ಶಾಲೆಯ ಹಾಲಿನ ಅರ್ಧ ಜಾಗ ನುಂಗಿ ಎದ್ದು ನಿಲ್ಲುತ್ತದೆ. ಮಕ್ಕಳು ಚಪ್ಪಲಿ ಬಿಟ್ಟು, ಬಾಗಿ, ಒಳಗೆ ನುಸುಳಬೇಕು. ನಡುಹಗಲಿನಲ್ಲೂ ಅಲ್ಲಿ ಕಗ್ಗತ್ತಲೆ. ಆಮೇಲೆ ನಡುವಿನ ಯಂತ್ರದಿಂದ ಆಕಾಶ ಹೊಮ್ಮುತ್ತದೆ, ಗಿರಿಜಾ ಮಾತು ಶುರು ಮಾಡುತ್ತಾಳೆ.

ಈ ಗುಮ್ಮಟ ಮೊದಲು ಒಬ್ಬ ನಿವೃತ್ತ ವಿಜ್ಞಾನ ಮೇಷ್ಟ್ರದಾಗಿತ್ತು. ಮೊಣಕಾಲು ಕೈಕೊಟ್ಟು, ಬಾಗಿ ನುಸುಳುವುದು ಆಗದಾದಾಗ, ಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದ ಗಿರಿಜಾಳನ್ನು ಕರೆದು ಒಪ್ಪಿಸಿದರು. ಅಂದಿನಿಂದ ಅವಳ ಬದುಕು ಅಹಮದಾಬಾದಿನಿಂದ ಸೂರತ್ತಿನವರೆಗಿನ ಹೆದ್ದಾರಿಯ ಮೇಲೇ ನಡೆದಿದೆ. ಗಂಡ ಲಕ್ಷ್ಮೀನಾರಾಯಣ ವಿಮಾ ಕಚೇರಿಯವನು, ಶಿವಮೊಗ್ಗದಿಂದ ವರ್ಗವಾಗಿ ಬಂದು ಇಲ್ಲೇ ಬೇರುಬಿಟ್ಟವನು. "ನಾನು ಒಂದು ಲೋಟ ನೀರು ಕೇಳುವಷ್ಟರಲ್ಲಿ ಇವಳು ಬ್ರಹ್ಮಾಂಡ ಒಂದು ಸುತ್ತು ಹೊಡೆದು ಬಂದಿರ್ತಾಳೆ" ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಾನೆ. ನೀರು ಮಾತ್ರ ಅವನೇ ತೆಗೆದುಕೊಂಡು ಕುಡಿಯುತ್ತಾನೆ.

ಶನಿಯ ಬಳೆ ತೋರಿಸಿ, ಮಕ್ಕಳಿಂದ ‘ಓ’ ಅನ್ನಿಸಿಕೊಂಡು ಮನೆಗೆ ಹೋಗುವುದು ಸುಲಭ. ಗಿರಿಜಾಳಿಗೆ ಅದು ಸಾಲದು. ಗ್ರಹಗಳನ್ನು ಬೇಗ ಬೇಗ ಮುಗಿಸಿ, ಬ್ರಹ್ಮಾಂಡದ ಬಾಲ್ಯಕ್ಕೆ ಬಂದರೇನೇ ಅವಳ ದನಿಗೆ ಕಳೆ. ಮೊದಮೊದಲು ಎಲ್ಲವೂ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಸಮ ಹರಡಿಕೊಂಡಿತ್ತು, ಮಕ್ಕಳೇ. ಒಂದು ಕಡೆ ಒಂದು ಚಿಟಿಕೆ ಜಾಸ್ತಿ, ಇನ್ನೊಂದು ಕಡೆ ಒಂದು ಚಿಟಿಕೆ ಕಡಿಮೆ, ಅಷ್ಟೇ ವ್ಯತ್ಯಾಸ. ಆ ಚಿಟಿಕೆ ಜಾಸ್ತಿ ಇದ್ದಲ್ಲಿ ಕಣ್ಣಿಗೆ ಕಾಣದ ದ್ರವ್ಯ ಮೊದಲು ಒಟ್ಟುಗೂಡಿತು. ಅದರ ಸೆಳೆತಕ್ಕೆ ಅನಿಲ ಹರಿದು ಬಂತು, ನಕ್ಷತ್ರಗಳು ಹೊತ್ತಿಕೊಂಡವು, ಗ್ಯಾಲಕ್ಸಿಗಳಾದವು. ಗ್ಯಾಲಕ್ಸಿಗಳು ಒಂದರ ಕಡೆ ಒಂದು ಸರಿದು ಗುಂಪಾದವು. ನಿಮ್ಮ ಗರ್ಬಾ ಮೈದಾನದಲ್ಲಿ ಮೊದಲು ನಾಲ್ಕೈದು ಜನ ಸುತ್ತು ಹಾಕುತ್ತಾರೆ, ಅದನ್ನು ಕಂಡು ಇನ್ನಷ್ಟು ಜನ ಸೇರುತ್ತಾರೆ, ವೃತ್ತ ದೊಡ್ಡದಾದಷ್ಟೂ ಸೇರುವವರು ಹೆಚ್ಚು, ಹಾಗೆ. ಆದರೆ ಇಲ್ಲಿ ಒಂದು ಪೇಚಿದೆ. ನೀವು ಸೇರುತ್ತಿರುವಾಗಲೇ ಮೈದಾನವೂ ಹಿಗ್ಗುತ್ತಿರುತ್ತದೆ. ಬೇಗ ಸೇರಿದವರು ಗುಂಪಾಗಿ ಉಳಿದರು, ಸೇರದವರು ದೂರ ಸರಿಯುತ್ತ ಹೋದರು. ಇದನ್ನೆಲ್ಲ ಅವಳು ಗುಜರಾತಿಯಲ್ಲಿ, ಕೆಲವು ಶಾಲೆಗಳಲ್ಲಿ ಹಿಂದಿಯಲ್ಲಿ ಹೇಳುತ್ತಾಳೆ. ಕನ್ನಡದಲ್ಲಿ ಹೇಳುವ ಅವಕಾಶ ಒಮ್ಮೆಯೂ ಸಿಕ್ಕಿಲ್ಲ.

ಅವಳ ಕನ್ನಡ ಕುಂದಾಪುರದ್ದು. ಲಂಗ ಹಾಕುವ ವಯಸ್ಸಿನಲ್ಲಿ ಅಣ್ಣ ಗಣೇಶ ಅವಳನ್ನು ಸೂರತ್ತಿಗೆ ಕರೆತಂದ. ತಂದೆ ಬೇಗ ಹೋಗಿಬಿಟ್ಟಿದ್ದರು, ಊರಿನಲ್ಲಿ ತಾಯಿ ಗದ್ದೆ ನೋಡಿಕೊಂಡಿದ್ದಳು. ಅಣ್ಣನ ಹೋಟೆಲು ಸೂರತ್ತಿನ ಹೊರವಲಯದ ಸಚಿನ್ ಎಂಬಲ್ಲಿನ ಕೈಗಾರಿಕಾ ವಸಾಹತಿನಲ್ಲಿ, ಬಟ್ಟೆಗೆ ಬಣ್ಣ ಹಾಕುವ ಫ್ಯಾಕ್ಟರಿಯ ಎದುರಿಗೆ. ಬೆಳಗಿನಿಂದ ಸಾಂಬಾರಿನ ವಾಸನೆಗೂ ಬಣ್ಣದ ವಾಸನೆಗೂ ಅಲ್ಲಿ ಜಗಳ ನಡೆಯುತ್ತಿತ್ತು. ಆಮೇಲೆ ತಮ್ಮ ಪ್ರವೀಣನೂ ಬಂದ. ಮೂವರೂ ಹೋಟೆಲಿನ ಮೇಲಿನ ಒಂದೇ ಕೋಣೆಯಲ್ಲಿ ಬೆಳೆದರು. ತಾನು ಶಾಲೆಗೆ ಹೋಗದ ಗಣೇಶ ತಂಗಿಯನ್ನು ಬಿ.ಎಸ್ಸಿ. ಓದಲು ವಡೋದರಕ್ಕೆ ಕಳಿಸಿದ. ‘ಹೆಣ್ಣು ನಕ್ಷತ್ರ ಓದಿ ಎಂತ ಮಾಡ್ತ್’ ಎಂದು ಕೇಳಿದವರಿಗೆ ಅವನು ಉತ್ತರ ಹೇಳುತ್ತಿರಲಿಲ್ಲ, ಇನ್ನೊಂದು ವಡೆ ಬಡಿಸುತ್ತಿದ್ದ.

ವರ್ಷದಲ್ಲಿ ಒಂದು ದಿನ ಆ ಹೋಟೆಲು ಮಧ್ಯಾಹ್ನ ಬಾಗಿಲು ಹಾಕುತ್ತಿತ್ತು. ಅದು ಹೊಸ್ತಿನ ದಿನ. ಹೊಸ್ತು ಎಂದರೆ ನವರಾತ್ರಿಯ ಹೊತ್ತಿಗೆ ಹೊಸ ಬತ್ತ ಮನೆಗೆ ಬರುವ ಹಬ್ಬ, ಕುಂದಾಪುರದ ಕಡೆಯವರಿಗೆ ದೀಪಾವಳಿಗಿಂತ ಒಂದು ಕೈ ಮೇಲು. ಸೂರತ್ತಿನ ಸುತ್ತಲೂ ಬತ್ತದ ಗದ್ದೆಗಳಿವೆ. ಪರಿಚಯದ ರೈತನೊಬ್ಬನ ಗದ್ದೆಯಿಂದ ಗಣೇಶ ಸ್ನಾನ ಮಾಡಿಕೊಂಡು ಹೋಗಿ ನಾಲ್ಕು ತೆನೆ ತರುತ್ತಿದ್ದ. ಅದನ್ನು ಬಾಗಿಲಿಗೆ, ಗಲ್ಲಾಕ್ಕೆ, ಹಿಟ್ಟು ರುಬ್ಬುವ ಯಂತ್ರಕ್ಕೆ ಕಟ್ಟುತ್ತಿದ್ದರು. ಉಗುರಿನಲ್ಲಿ ಸುಲಿದ ಕೆಲವು ಹೊಸ ಅಕ್ಕಿಕಾಳು ಅನ್ನದ ಪಾತ್ರೆಗೆ ಬೀಳುತ್ತಿದ್ದವು. ಎಲೆ ಹಾಕಿ ಬಡಿಸಿ ಆದಮೇಲೂ ಯಾರೂ ಕೈ ಇಡುವಂತಿಲ್ಲ. ತನಗಿಂತ ಹಿರಿಯರಾದ ಪ್ರತಿಯೊಬ್ಬರಿಗೂ ‘ಹೊಸ್ತ್ ಉಂತೆ’, ಅಂದರೆ ಹೊಸ್ತು ಉಣ್ಣುತ್ತೇನೆ, ಎಂದು ಹೇಳಬೇಕು, ಅವರು ‘ಉಣ್ಣು’ ಎನ್ನಬೇಕು. ಆಮೇಲೆಯೇ ತುತ್ತು. ಎಲ್ಲರಿಗಿಂತ ಚಿಕ್ಕವನಾದ ಪ್ರವೀಣ ಎಲ್ಲರನ್ನೂ ಕೇಳಿ ಮುಗಿಸುವಷ್ಟರಲ್ಲಿ ಸಾರು ಆರಿರುತ್ತಿತ್ತು. ಬೇಕೆಂದೇ ಗಿರಿಜಾ ಕೇಳಿಸದವಳಂತೆ ಗೋಡೆ ನೋಡುತ್ತ ಕೂರುತ್ತಿದ್ದಳು, ಅವನು ಹಸಿವಿನಿಂದ ಅರಚುತ್ತಿದ್ದ. ಮದುವೆಯಾಗಿ ಗೋರ್ವಾಕ್ಕೆ ಬಂದಮೇಲೂ ಅವಳು ಒಂದು ಹೊಸ್ತೂ ತಪ್ಪಿಸಿರಲಿಲ್ಲ. ಗಣೇಶ ಫೋನು ಮಾಡಿ ದಿನ ಹೇಳುತ್ತಿದ್ದ, ಗಂಡ ಹೆಂಡತಿ ಬೆಳಗಿನ ರೈಲು ಹಿಡಿಯುತ್ತಿದ್ದರು.

ತಾಯಿ ತೀರಿಕೊಂಡ ವರ್ಷ ಹಬ್ಬವಿಲ್ಲ. ಅದು ಸರಿಯೇ. ಮರುವರ್ಷ ಗಿರಿಜಾ ಫೋನಿಗಾಗಿ ಕಾದಳು, ಅದು ಬರಲಿಲ್ಲ. ಅದರ ಮರುವರ್ಷವೂ ಬರಲಿಲ್ಲ. ಅಣ್ಣಯ್ಯನೊಂದಿಗೆ ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿದೆ. ಜಗಳವಾದರೆ ರಾಜಿಯಾದರೂ ಮಾಡಿಕೊಳ್ಳಬಹುದು. ಬೇರೆ ದಿನಗಳಲ್ಲಿ ಫೋನು ಮಾಡಿದರೆ ಗಣೇಶ ಎತ್ತುತ್ತಿದ್ದ, ಆರಾಮ ಎನ್ನುತ್ತಿದ್ದ, ಗಿರಾಕಿ ಬಂದರೆಂದು ಇಡುತ್ತಿದ್ದ. ಹೊಸ್ತಿಗೆ ಹಿರಿಯರು ಕರೆಯಬೇಕು, ಕಿರಿಯರು ಬರಬೇಕು. ಕಿರಿಯಳೇ ಬಾಯಿಬಿಟ್ಟು ‘ಕರೆಯಲಿಲ್ಲವಲ್ಲ’ ಎಂದು ಕೇಳುವುದು ಹೇಗೆ? ಹಾಗೆ ಅವಳು ಕೇಳದೆ, ಅವನು ಕರೆಯದೆ ವರ್ಷಗಳು ಉರುಳಿದವು. ಅಹಮದಾಬಾದಿನ ಅಂಚಿನ ಬೋಪಾಲ್‌ನಲ್ಲಿ ಎತ್ತರದ ಅಪಾರ್ಟ್‌ಮೆಂಟುಗಳು ಎದ್ದಾಗ ಪ್ರವೀಣ ಅಲ್ಲಿಗೆ ಹೋಗಿ ದೊಡ್ಡ ಹೋಟೆಲು ಇಟ್ಟ. ಮೂವರೂ ಒಂದೇ ರೈಲುದಾರಿಯ ಮೇಲಿದ್ದರು, ನಡುವಿನ ಊರು ಗಿರಿಜಾಳದು. ಎರಡೂ ಕಡೆಗೆ ಹೋಗುವ ಬಂಡಿಗಳ ಸದ್ದು ಅವಳಿಗೆ ಕೇಳುತ್ತಿತ್ತು.

ಈ ವರ್ಷ ನವರಾತ್ರಿಗೆ ಮುಂಚೆ ಬೋಪಾಲ್‌ನ ಒಂದು ಶಾಲೆಯಲ್ಲಿ ಗುಮ್ಮಟ ಹಾಕಿದ್ದಳು. ಎಂದಿನಂತೆ ಗರ್ಬಾ ಮೈದಾನದ ಕತೆ ಹೇಳಿ ಮುಗಿಸುವ ಹೊತ್ತಿಗೆ ಕತ್ತಲಲ್ಲಿ ಒಂದು ಹುಡುಗಿಯ ದನಿ ಕೇಳಿತು.

"ಬೆನ್, ಯಾವ ಗುಂಪಿಗೂ ಸೇರದೆ ಉಳಿದವು ನಿಧಾನವಾಗಿ ಆಮೇಲೆ ಸೇರಬಹುದಲ್ಲ?"

ಇದಕ್ಕೆ ಉತ್ತರ ಅವಳಿಗೆ ಬಾಯಿಪಾಠ. ಸೇರಲಾರವು ಮಗಳೇ, ಈಗ ಹಿಗ್ಗುವ ವೇಗವೇ ಹೆಚ್ಚುತ್ತಿದೆ, ಇಷ್ಟರೊಳಗೆ ಒಂದರ ಸೆಳೆತಕ್ಕೆ ಒಂದು ಸಿಕ್ಕದ ಗುಂಪುಗಳು ಇನ್ನು ಎಂದೆಂದಿಗೂ ದೂರವೇ, ಕೊನೆಗೆ ಒಂದರ ಬೆಳಕೂ ಇನ್ನೊಂದಕ್ಕೆ ತಲುಪುವುದಿಲ್ಲ. ಎಷ್ಟೋ ಶಾಲೆಗಳಲ್ಲಿ ಸಲೀಸಾಗಿ ಹೇಳಿದ ಮಾತು.  ಅಂದು ಅವಳು ಅದನ್ನು ಹೇಳದೆ ದೀಪ ಹಾಕಿಬಿಟ್ಟಳು. ಮಕ್ಕಳು ಕಣ್ಣುಜ್ಜಿಕೊಂಡು ಚಪ್ಪಲಿ ಹುಡುಕಿದರು.

ವ್ಯಾನು ತುಂಬಿಸಿ ಸೀದಾ ಪ್ರವೀಣನ ಹೋಟೆಲಿಗೆ ಹೋದಳು. ತಮ್ಮನಿಗೆ ಅಕ್ಕನ ಮೇಲೆ ಜೀವ. ತಾನೇ ಹಬೆಯಾಡುವ ಕಾಫಿ ತಂದು ಎದುರು ಕೂತ. ಅವಳು ಪೀಠಿಕೆ ಹಾಕದೆ, ಈ ಸಲ ನವರಾತ್ರಿಯಲ್ಲಿ ಅಣ್ಣಯ್ಯನಲ್ಲಿಗೆ ಹೊಸ್ತಿಗೆ ಹೋಗೋಣ ಎಂದಳು.

"ನವರಾತ್ರಿ ಮಾರಾಯ್ತಿ ಅಕ್ಕ! ಗರ್ಬಾ ಮುಗ್ಸಿ ಜನ ಎಲ್ಲ ದೋಸೆ ತಿಂಬುಕೆ ಇಲ್ಲಿಗೇ ಬತ್ರ್. ನಂಗೆ ಮನಿಕಂಬುಕೂ ಹೊತ್ತಿಲ್ಲ. ಮತ್ತೆ, ಅಣ್ಣಯ್ಯ ಕರದ್ನಾ?"

"ಇಲ್ಲ. ಕರದ್ರೆ ನೀ ಬತ್ತಿದ್ಯಾ?"

"ಕರದ್ರೆ ಬಾರದೆ ಇರ್ತ್ನಾ? ಹೋಟೆಲಿಗೆ ಬೀಗ ಹಾಕಿಯಾದ್ರೂ ಬತ್ತೆ." ಪ್ರವೀಣ ಕಾಫಿ ಲೋಟವನ್ನು ಅವಳತ್ತ ಸರಿಸಿ, "ಅಮ್ಮ ಹೋದ್ಮೇಲೆ ಅವ್ನಿಗೆ ನಾವ್ ಬ್ಯಾಡ ಆಯ್ತ್, ಕಾಂತ್. ಕರಿಯದೆ ನಾವಾಗಿ ಹೋಪುದ್ ಹ್ಯಾಂಗೆ ಅಕ್ಕ?" ಎಂದ.

ಅವಳ ಮನಸ್ಸಿನಲ್ಲಿ ಇಷ್ಟು ದಿನ ಇದ್ದ ಮಾತೇ ಅದು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದು ಎಷ್ಟು ಕೆಟ್ಟ ಮಾತು ಎಂದು ಗೊತ್ತಾಯಿತು. ಹಿರಿಯರು ಕರೆಯಲಿ ಎಂದು ಕಾಯುತ್ತ ಕೂತರೆ, ಆ ಹುಡುಗಿಗೆ ಹೇಳದೆ ನುಂಗಿದ ಉತ್ತರ ತಮ್ಮ ಮನೆಗೇ ನಿಜವಾಗುತ್ತದೆ ಎಂಬ ಹೆದರಿಕೆ ಹುಟ್ಟಿತು. ಹೋಗುತ್ತೇನೆ, ಬೈದರೆ ಬೈಸಿಕೊಂಡು ಬರುತ್ತೇನೆ ಎಂದು ಅಲ್ಲೇ ನಿಶ್ಚಯಿಸಿದಳು.

ಸಚಿನ್‌ನ ಒಂದು ಶಾಲೆಯವರು ಬಹಳ ದಿನದಿಂದ ಕರೆಯುತ್ತಿದ್ದರು. ನವರಾತ್ರಿಯ ಒಂದು ಬೆಳಗಿಗೆ ಒಪ್ಪಿಕೊಂಡಳು. ಗಂಡನಿಗೆ ಕಚೇರಿಯ ತಪಾಸಣೆ, ಬರಲಾಗಲಿಲ್ಲ. ದಾರಿಯಲ್ಲಿ ವ್ಯಾನು ನಿಲ್ಲಿಸಿ, ಗದ್ದೆಯಲ್ಲಿದ್ದ ಹೆಂಗಸನ್ನು ಕೇಳಿ ನಾಲ್ಕು ತೆನೆ ಕೊಯ್ಸಿಕೊಂಡು, ಸೆರಗಿನ ತುದಿಯಲ್ಲಿ ಸುತ್ತಿ ಇಟ್ಟುಕೊಂಡಳು. ಶಾಲೆಗೂ ಮೊದಲು ಹೋಟೆಲಿಗೆ ಹೋದಳು. ಗಲ್ಲಾದಲ್ಲಿ ಗಣೇಶ ಕೂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಎಂತ ಹೆಣ್ಣೆ, ಹೇಳದೆ ಕೇಳದೆ ಬಂದದ್ದ್?" ಎಂದು ಎದ್ದ. ಮುಖದಲ್ಲಿ ಗಾಬರಿಯೂ ಇತ್ತು, ಸಂತೋಷವೂ ಇತ್ತು. ಗಿರಿಜಾ ಸೆರಗು ಬಿಚ್ಚಿ ತೆನೆಯನ್ನು ಗಲ್ಲಾದ ಮೇಲೆ ಇಟ್ಟಳು. ಅವನ ಮುಖ ಬಾಡಿತು. ತೆನೆಯನ್ನು ಮುಟ್ಟಲಿಲ್ಲ. ಅತ್ತಿಗೆ ಸುಲೋಚನಾ ಒಳಗಿನಿಂದ ಬಂದವಳು ತೆನೆ ನೋಡಿ, ಗಂಡನ ಮುಖ ನೋಡಿ, ಅದನ್ನು ತೆಗೆದುಕೊಂಡು ದೇವರ ಮುಂದೆ ಇಟ್ಟಳು. ತಾನು ತರಬಾರದಿತ್ತು, ತರುವುದು ಹಿರಿಯನ ಕೆಲಸ, ಅಧಿಕಪ್ರಸಂಗವಾಯಿತು ಎಂದು ಗಿರಿಜಾಳಿಗೆ ಅನ್ನಿಸಿತು. ಮಾತು ಬದಲಿಸಲೆಂದು, "ಅಣ್ಣಯ್ಯ, ನನ್ನ ಗುಮ್ಮಟ ನೀ ಒಂದ್ ಸಲವೂ ಕಂಡಿಲ್ಲ. ಬಾ, ಇಲ್ಲೇ ಶಾಲೆ" ಎಂದಳು. ಇಲ್ಲ ಎನ್ನುವನೆಂದುಕೊಂಡಿದ್ದಳು. ಅವನು ಅಂಗಿ ಬದಲಿಸಿ ಬಂದ.

ಬಿಳಿ ಪಂಚೆ ಎತ್ತಿ ಕಟ್ಟಿ, ಬಾಗಿ, ಮಕ್ಕಳ ಹಿಂದೆ ನುಸುಳಿ, ಮೊಣಕಾಲು ಮಡಚಿ ಅಂಚಿನಲ್ಲಿ ಕೂತ ಅಣ್ಣನನ್ನು ನೋಡಿ ಗಿರಿಜಾಳಿಗೆ ಮಾತು ತಡವರಿಸಿತು. ತನ್ನನ್ನು ಓದಿಸಿದವನು ತನ್ನ ಓದನ್ನು ಮೊದಲ ಬಾರಿ ಕೇಳುತ್ತಿದ್ದಾನೆ. ಅಂದು ಅವಳು ಗ್ರಹಗಳನ್ನು ಬಿಟ್ಟೇಬಿಟ್ಟಳು. ಗುಮ್ಮಟದ ತುಂಬ ಬ್ರಹ್ಮಾಂಡದ ಎಳವೆ ಹರಡಿತು, ಮಬ್ಬುಮಬ್ಬಾದ ಎಳೆಗಳು ಮೂಡಿದವು, ಎಳೆಗಳು ಕೂಡುವಲ್ಲಿ ಬೆಳಕಿನ ಚುಕ್ಕೆಗಳು ಒತ್ತೊತ್ತಾದವು. ಗುಜರಾತಿಯಲ್ಲಿ ಹೇಳುತ್ತ ಹೇಳುತ್ತ, ಒಂದೆರಡು ಮಾತು ಅವಳಿಗೆ ತಿಳಿಯದೆ ಕನ್ನಡದಲ್ಲಿ ಬಂದವು. ಮಕ್ಕಳು ನಕ್ಕರು. ಗಣೇಶ ನಗಲಿಲ್ಲ, ತಲೆ ಮೇಲೆತ್ತಿಯೇ ಇದ್ದ.

ಹೊರಗೆ ಬಿಸಿಲಿಗೆ ಬಂದು ಕಣ್ಣು ಕಿರಿದು ಮಾಡಿ ನಿಂತ. "ಅಲ್ಲ ಹೆಣ್ಣೆ, ಆ ಗುಂಪಿಗೆ ಯಜಮಾನ ಯಾರ್?" ಎಂದು ಕೇಳಿದ.

"ಯಜಮಾನ ಅಂತ ಇಲ್ಲ ಅಣ್ಣಯ್ಯ. ನಡುವೆ ಒಂದ್ ದೊಡ್ಡ ಗ್ಯಾಲಕ್ಸಿ ಇರ್ತ್. ಆದ್ರೆ ಎಳುದ್ ಅದೊಂದೇ ಅಲ್ಲ. ಎಲ್ಲದ್ರ ಭಾರವೂ ಸೇರಿ ಎಲ್ಲದನ್ನೂ ಹಿಡ್ಕಂಡಿರ್ತ್."

"ಸಣ್ಣದೂ ದೊಡ್ಡದನ್ನ ಎಳೀತಾ?"

"ಎಳೀತ್."

ಗಣೇಶ ಹೂಂಗುಟ್ಟಿದ. ಗುಮ್ಮಟ ಮಡಚಿ ವ್ಯಾನಿನಲ್ಲಿ ಹೋಟೆಲಿಗೆ ಹೊರಟರು.

ಬಂದು ನೋಡಿದರೆ ಸುಲೋಚನಾ ಮೇಲಿನ ಕೋಣೆಯಲ್ಲಿ ಎಲೆ ಹಾಕಿದ್ದಳು. ತೆನೆಯಿಂದ ಕಾಳು ಸುಲಿದು ಅನ್ನಕ್ಕೆ ಹಾಕಿದ್ದೇನೆ ಎಂದು ನಾದಿನಿಯ ಕಿವಿಯಲ್ಲಿ ಮಾತ್ರ ಹೇಳಿದಳು. ಗಣೇಶ ಎಲೆ ನೋಡಿದ, ಬೇಡ ಎನ್ನಲಿಲ್ಲ, ಕೂತ. ಆಗಲೇ ಪ್ರವೀಣನ ವಿಡಿಯೋ ಕರೆ ಬಂತು. ಅವನಿಗೆ ಗಿರಿಜಾ ಬೆಳಿಗ್ಗೆಯೇ ಸುದ್ದಿ ಮುಟ್ಟಿಸಿದ್ದಳು. ಕೆದರಿದ ಕೂದಲು, ನಿದ್ದೆಗಣ್ಣು, ಎದುರಿಗೆ ಒಂದು ತಟ್ಟೆ ಅನ್ನ. ಫೋನನ್ನು ನೀರಿನ ತಂಬಿಗೆಗೆ ಒರಗಿಸಿ, ಅವನಿಗೆಂದು ಹಾಕಿದ ಎಲೆಯ ಎದುರು ಇಟ್ಟರು.

"ಅಣ್ಣಯ್ಯ, ಬಪ್ಪುಕ್ ಆಯ್ಲಿಲ್ಲ. ಹೊಸ್ತ್ ಉಂತೆ" ಎಂದ ಪ್ರವೀಣ. ಆ ತುದಿಯಲ್ಲಿ ಅವನ ಮಗಳು ಅರ್ಚಿತಾ ಮುಖ ತೂರಿಸಿದಳು. ಬೋಪಾಲ್‌ನಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡ ಅರ್ಧಂಬರ್ಧ. ಅಪ್ಪ ಹೇಳಿಕೊಟ್ಟದ್ದು ಅರ್ಧಕ್ಕೆ ಮರೆತು, "ದೊಡ್ಡಪ್ಪ, ಹೊಸ್ತ್... ಖಾವುಂ?" ಎಂದು ಗುಜರಾತಿಯಲ್ಲಿ, ತಿನ್ನಲೇ ಎಂದು ಕೇಳಿಬಿಟ್ಟಳು. ಗಣೇಶನಿಗೆ ನಗು ತಡೆಯಲಾಗಲಿಲ್ಲ. "ಉಣ್ಣು ಮಗಾ, ಉಣ್ಣು" ಎಂದ. ಪ್ರವೀಣನಿಗೂ ಉಣ್ಣು ಎಂದ. ಸುಲೋಚನಾ ಕೇಳಿದಳು, ಅವಳಿಗೂ ಹೇಳಿದ. ಗಿರಿಜಾ ಅವನ ಕಾಲು ಮುಟ್ಟಿ, "ಅಣ್ಣಯ್ಯ, ಹೊಸ್ತ್ ಉಂತೆ" ಎಂದಳು. ಇಷ್ಟು ವರ್ಷ ಬಾಯಲ್ಲಿ ಕೂತು ಕಹಿಯಾಗಿದ್ದ ಮಾತು ಹೊರಗೆ ಬಂದದ್ದೇ ಅವಳ ಕಣ್ಣು ತುಂಬಿತು. "ಉಣ್ಣು" ಎಂದು ಅವನು ಅವಳ ತಲೆಯ ಮೇಲೆ ಕೈಯಿಟ್ಟ.

ಎಲ್ಲರೂ ತುತ್ತು ಎತ್ತಿದರು. ಗಣೇಶ ಎತ್ತಲಿಲ್ಲ. ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎಲೆ ನೋಡುತ್ತ ಕೂತಿದ್ದ.

"ಎಂತ ಆಯ್ತ್ ಅಣ್ಣಯ್ಯ? ನಾ ಬಂದದ್ದ್ ನಿಂಗೆ ಸರಿ ಆಯ್ಲಿಲ್ಯಾ?" ಎಂದು ಗಿರಿಜಾ ಕೇಳಿಯೇಬಿಟ್ಟಳು.

"ಅದಲ್ಲ ಹೆಣ್ಣೆ." ಅವನು ತಲೆಯೆತ್ತಲಿಲ್ಲ. "ನೀವೆಲ್ಲ ನನ್ನ ಹತ್ರ ಕೇಂತ್ರಿ, ನಾ ಉಣ್ಣು ಅಂತೆ. ನಂಗ್ ಹೇಳೂಕ್ ಯಾರಿದ್ರ್? ಆಗ ನಿಮ್ಗೆಲ್ಲ ಹೇಳಿ ಆದ್ಮೇಲೆ, ಒಲೆ ಕಂಡ್ ಬತ್ತೆ ಅಂದ್ಕಂಡ್ ಹಿಂದೆ ಹೋಯಿ, ಅಮ್ಮಂಗೆ ಫೋನ್ ಮಾಡ್ತಿದ್ದೆ. ಹೊಸ್ತ್ ಉಂತೆ ಅಮ್ಮ ಅಂದ್ರೆ, ಉಣ್ಣು ಮಗಾ ಅಂತಿದ್ಲ್. ಆಮೇಲೆ ಬಂದ್ ಕೂಕಂತಿದ್ದೆ. ಅವ್ಳ್ ಹೋದ್ಮೇಲೆ ಒಂದ್ ವರ್ಷ ತೆನೆ ತಂದೆ, ಬೇಕಾದ್ರೆ ನಿನ್ನ ಅತ್ತಿಗೆ ಹತ್ರ ಕೇಣ್. ಎಲೆ ಮುಂದೆ ಕೂತೆ. ಉಂಬುಕೇ ಆಯ್ಲಿಲ್ಲ. ನಿಮ್ಮನ್ನೆಲ್ಲ ಕರ್ಸಿ, ನಾನೊಬ್ಬ ಉಣ್ಣದೆ ಕೂತ್ರೆ ಹಬ್ಬ ಹ್ಯಾಂಗ್ ಆತ್ತ್? ಅದ್ಕೇ ಕರಿಲಿಲ್ಲ."

 ಬೇಡವಾದೆವು ಎಂದು ತಾನೂ ತಮ್ಮನೂ ಎರಡು ಊರುಗಳಲ್ಲಿ ಕೂತು ಮುನಿಸಿಕೊಂಡ ಅಷ್ಟೂ ಹೊಸ್ತುಗಳಲ್ಲಿ, ಈ ಮನುಷ್ಯ ಅಪ್ಪಣೆ ಕೇಳಲು ಯಾರೂ ಇಲ್ಲದೆ ಹೊಸ್ತನ್ನೇ ಬಿಟ್ಟು ಕೂತಿದ್ದ. ಹಿರಿಯನಿಗೂ ಒಬ್ಬರು ಹಿರಿಯರು ಬೇಕು ಎಂಬುದು ಅವನಿಂದ ಉಣ್ಣು ಅನ್ನಿಸಿಕೊಂಡ ಯಾರ ತಲೆಗೂ ಹೊಳೆದಿರಲಿಲ್ಲ. ಫೋನಿನಲ್ಲಿ ಪ್ರವೀಣ ತುತ್ತನ್ನು ತಟ್ಟೆಗೆ ಇಟ್ಟು ಮುಖ ಆಚೆ ತಿರುಗಿಸಿದ.

 ಗಣೇಶ ಕೂತಲ್ಲೇ ಸರಿದು ತಂಗಿಯ ಕಡೆಗೆ ತಿರುಗಿದ. ಬಿಳಿಗೂದಲ ಮನುಷ್ಯ ಗಂಟಲು ಸರಿಮಾಡಿಕೊಂಡ.

"ಗಿರಿಜಾ, ಹೊಸ್ತ್ ಉಂತೆ."

ಹೀಗೊಂದು ಕ್ರಮ ಕುಂದಾಪುರದಲ್ಲಿ ಎಲ್ಲೂ ಇಲ್ಲ. ಅವಳಿಗೆ ಆ ಕ್ಷಣ ಅಮ್ಮ ಬೇಕೆನ್ನಿಸಿತು. ತನಗಾಗಿ ಅಲ್ಲ, ಅಣ್ಣಯ್ಯನಿಗಾಗಿ. ಒಂದೇ ಒಂದು ಸಲ, ಆ ಒಂದು ಮಾತು ಹೇಳುವಷ್ಟು ಹೊತ್ತು ಅಮ್ಮ ಬಂದು ಹೋಗಬಾರದೇ ಎಂದು ಹಂಬಲಿಸಿದಳು. ಅಮ್ಮ ಬರುವುದಿಲ್ಲ. ಅಣ್ಣಯ್ಯ ಅವಳನ್ನೇ ನೋಡುತ್ತ ಕಾಯುತ್ತಿದ್ದ, ಅನ್ನ ಆರುತ್ತಿತ್ತು.

"ಉಣ್ಣು ಮಗಾ" ಎಂದಳು ಗಿರಿಜಾ.

ಅವನು ಉಂಡ.